ಗುಜರಿಗೆ ಹೋಗಲೊಲ್ಲದ ಲಾರಿ, ಕೆಳಗಿಳಿಯಲೊಲ್ಲದ ಅತ್ತಿಗೆ

ಬೆಳಗಿನ ಐದೂವರೆ. ಶೆಡ್ಡಿನ ಬಾಗಿಲಲ್ಲಿ ನಿಂತವರಿಗೆ ಮೊದಲು ಕಾಣುವುದು ಎರಡು ಪಾದಗಳು. ಹಳೆಯ ಕ್ಯಾನ್ವಾಸ್ ಬೂಟು ತೊಟ್ಟ ಆ ಪಾದಗಳು ಲಾರಿಯ ಮುಂದಿನ ಚಕ್ರದ ಪಕ್ಕದಲ್ಲಿ ಹೊರಗೆ ಚಾಚಿಕೊಂಡಿವೆ. ಉಳಿದ ದೇಹ ಲಾರಿಯ ಅಡಿಯಲ್ಲಿದೆ. ಅಲ್ಲಿಂದಲೇ ಒಂದು ಕೈ ಹೊರಬಂದು ನನ್ನತ್ತ ಅಂಗೈ ಚಾಚುತ್ತದೆ. "ಬಂದ್ರಾ ಪೇಪರ್‌ನವರು? ಆ ಹನ್ನೆರಡರ ಸ್ಪಾನರ್ ಕೊಡಿ." ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರಲ್ಲಿ ಒಂದನ್ನು ಎತ್ತಿ ಕೊಡುತ್ತೇನೆ. ಕೈ ಅದನ್ನು ತೂಗಿ ಹಿಂದಕ್ಕೆ ಚಾಚುತ್ತದೆ. "ಇದು ಹದಿನಾಲ್ಕು. ನನ್ನ ವಿಷಯ ಬರೆಯುವಾಗಲೂ ಹೀಗೇ ಅಂಕಿ ತಪ್ಪು ಮಾಡಬೇಡಿ."

ಇವರು ಅತ್ತಿಗೆ. ವಯಸ್ಸು ಐವತ್ತಾರು. ಲಾರಿಗೆ ಇವರಿಗಿಂತ ಎಂಟು ವರ್ಷ ಹೆಚ್ಚು. ಊರಿನಲ್ಲಿ ಇವರ ನಿಜವಾದ ಹೆಸರು ಗೊತ್ತಿರುವವರು ಮೂರೋ ನಾಲ್ಕೋ ಮಂದಿ. ಎಪ್ಪತ್ತು ದಾಟಿದ ಹಿರಿಯರೂ ಅತ್ತಿಗೆ ಎನ್ನುತ್ತಾರೆ, ಶಾಲೆಗೆ ಹೋಗುವ ಮಕ್ಕಳೂ ಅತ್ತಿಗೆ ಎನ್ನುತ್ತವೆ. ಇಡೀ ಊರಿಗೆ ಒಬ್ಬರೇ ಅಣ್ಣನ ಹೆಂಡತಿಯಾಗಿರುವುದು ಹೇಗೆ ಎಂದು ಕೇಳಿದರೆ, ಎಲ್ಲರೂ ಬಾಡಿಗೆ ಚೌಕಾಸಿ ಮಾಡುವುದು ಮಾತ್ರ ಮೈದುನರ ಹಾಗೆಯೇ ಎಂದು ನಗುತ್ತಾರೆ.

ಕೈಯಲ್ಲಿ ಸುತ್ತಿಗೆ ಹಿಡಿದು ಅವರು ಲಾರಿಯ ಉದ್ದಕ್ಕೂ ತೆವಳುತ್ತಾರೆ. ಚಾಸಿಯ ಕಬ್ಬಿಣಕ್ಕೆ ಗೇಣಿಗೊಂದರಂತೆ ಮೆಲ್ಲಗೆ ಬಡಿಯುತ್ತ, ಕಿವಿಗೊಡುತ್ತ ಸಾಗುತ್ತಾರೆ. ಟಣ್ ಎಂದರೆ ಕಬ್ಬಿಣ ಗಟ್ಟಿಯಿದೆ. ಥಪ್ ಎಂದರೆ ಒಳಗೆ ತುಕ್ಕು ತಿಂದಿದೆ. ಇವತ್ತು ಮೂವತ್ತೆಂಟು ಟಣ್, ಎರಡು ಥಪ್. ಥಪ್ ಎಂದ ಜಾಗಕ್ಕೆ ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಾರೆ. ಸಂಜೆಯೊಳಗೆ ಅಲ್ಲಿಗೆ ತಗಡು ಕತ್ತರಿಸಿ ವೆಲ್ಡಿಂಗ್ ಆಗಬೇಕು. ಏಕೆಂದರೆ ನಾಳೆ ಹತ್ತು ಗಂಟೆಗೆ ಲಾರಿಯ ತಪಾಸಣೆ ಇದೆ.

ಆ ತಪಾಸಣೆಯ ಗುಮ್ಮ ಈ ಮನೆಯೊಳಗೆ ಕೂತು ಮೂರು ತಿಂಗಳಾಗಿದೆ. ಹಳೆಯ ವಾಹನಗಳಿಗೆ ಹೊಸ ನಿಯಮ ಬಂದಿದೆ. ಇಷ್ಟು ವಯಸ್ಸಾದ ಗಾಡಿ ಒಮ್ಮೆ ಫೇಲಾದರೆ ಮರುಪರೀಕ್ಷೆ ಇಲ್ಲ. ಅಲ್ಲಿಯೇ ನಂಬರ್ ರದ್ದು, ಅಲ್ಲಿಂದ ನೇರ ಗುಜರಿ. ಈ ಲಾರಿ ನಿಂತರೆ ಗುಡ್ಡದ ಮೇಲಿನ ನಲವತ್ಮೂರು ಮನೆಗಳಿಗೆ ಬೇರೆ ಗಾಡಿ ಇಲ್ಲ.

ಆರೂವರೆಗೆ ಲೋಡು ಶುರು. ಹನ್ನೊಂದು ಗ್ಯಾಸ್ ಸಿಲಿಂಡರ್, ದಿನಸಿಯ ಮೂಟೆಗಳು, ಶಾಲೆಗೆ ಎರಡು ಬೆಂಚು, ಆರೋಗ್ಯ ಕೇಂದ್ರಕ್ಕೆ ಔಷಧಿಯ ಪೆಟ್ಟಿಗೆ, ಹಾಲಿನ ಖಾಲಿ ಕ್ಯಾನುಗಳು. ಅವುಗಳ ನಡುವೆ ಏಳು ಜನ. ನಾನು ಪತ್ರಿಕೆಯವನೆಂಬ ಧೈರ್ಯದಲ್ಲಿ ಮುಂದಿನ ಬಾಗಿಲು ತೆರೆಯಲು ಹೋದೆ. ಅತ್ತಿಗೆ ತಲೆಯಾಡಿಸಿದರು. ಅಲ್ಲಿ ಆಗಲೇ ಒಬ್ಬರು ಬಂದು ನಿಂತಿದ್ದರು. ಬಲಗಾಲು ಕುಂಟುವ, ಅರವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೇಲಿನ ಮನೆಗಳ ಹಾಲನ್ನು ಒಟ್ಟು ಮಾಡಿ ದಿನವೂ ಮಧ್ಯಾಹ್ನ ಕೆಳಗೆ ತರುವ ಇವರು, ರಾತ್ರಿ ಡೇರಿಯಲ್ಲೇ ತಂಗಿ, ಬೆಳಿಗ್ಗೆ ಖಾಲಿ ಕ್ಯಾನಿನೊಂದಿಗೆ ಮರಳುತ್ತಾರೆ. ಎಲ್ಲರಿಗೂ ಹಾಲಿನಣ್ಣ. ಮುಂದಿನ ಸೀಟು ಅವರದ್ದು, ಬಾಡಿಗೆಯೂ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅತ್ತಿಗೆ ಹಿಂದಿನ ತೊಟ್ಟಿಯತ್ತ ಕೈ ತೋರಿಸಿದರು. ನಾನು ಸಿಲಿಂಡರುಗಳ ನಡುವೆ ಕೂತೆ.

ದಾರಿ ಹದಿಮೂರು ಕಿಲೋಮೀಟರ್. ಏರಲು ಎರಡು ಗಂಟೆ ಬೇಕು. ಒಂದೇ ಹಳ್ಳವನ್ನು ಮೂರು ಸಲ ದಾಟಬೇಕು. ಮೊದಲ ದಾಟಿಗೆ ಮುಂಚೆ ಲಾರಿ ನಿಲ್ಲುತ್ತದೆ. ಅತ್ತಿಗೆ ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ಕೇಂದ್ರದಲ್ಲಿರುವ ಲಾಕ್ ಗುಂಡಿಗಳನ್ನು ಕೈಯಿಂದ ತಿರುಗಿಸುತ್ತಾರೆ. ಮತ್ತೆ ಹತ್ತಿ, ಕೆಂಪು ತಲೆಯ ಲಿವರನ್ನು ಎಳೆಯುತ್ತಾರೆ. ಈಗ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ನೀರು ಬಂಪರ್ ಮುಟ್ಟುತ್ತದೆ, ಕಲ್ಲುಗಳು ಅಡಿಯಲ್ಲಿ ಉರುಳುತ್ತವೆ, ಲಾರಿ ಮುಲುಗುತ್ತ ಆಚೆ ದಡ ಹತ್ತುತ್ತದೆ. ಹಳ್ಳ ದಾಟಿದ ಮೇಲೆ ಸುಮಾರು ದೂರ ಎಡಗಾಲನ್ನು ಬ್ರೇಕಿನ ಮೇಲೆ ಹಗುರವಾಗಿ ಇಟ್ಟೇ ಓಡಿಸುತ್ತಾರೆ. ಡ್ರಮ್ಮಿನೊಳಗೆ ನೀರು ಹೋದರೆ ಬ್ರೇಕು ಹೆಸರಿಗೆ ಮಾತ್ರ ಇರುತ್ತದೆ, ಉಜ್ಜಿ ಉಜ್ಜಿ ಒಣಗಿಸಬೇಕು. ಇದನ್ನು ಮರೆತ ಒಬ್ಬ ಬದಲಿ ಚಾಲಕ ಇಳಿಜಾರಿನಲ್ಲಿ ಬಂಡೆಗೆ ಗುದ್ದಿ ನಿಲ್ಲಿಸಿದ್ದನಂತೆ. ಅವನಿಗೆ ಏನೂ ಆಗಲಿಲ್ಲ. ರೇಡಿಯೇಟರಿಗೆ ಆಯಿತು.

ಎರಡು ವರ್ಷದ ಹಿಂದೆ ಒಬ್ಬರು ಹೊಚ್ಚ ಹೊಸ ಗಾಡಿಯೊಂದನ್ನು ತಂದು ಇದೇ ದಾರಿಯಲ್ಲಿ ಪೈಪೋಟಿಗೆ ಇಳಿದಿದ್ದರು. ತಂಪು ಗಾಳಿ, ಹಾಡು, ಮೆತ್ತನೆ ಸೀಟು ಎಲ್ಲವೂ ಇತ್ತು. ನಾಲ್ಕನೇ ದಿನ ಎರಡನೇ ದಾಟಿನಲ್ಲಿ ನೀರು ಕುಡಿದು, ಮೀಟರಿನ ದೀಪಗಳನ್ನೆಲ್ಲ ಒಟ್ಟಿಗೆ ಉರಿಸಿ, ಬಾಗಿಲು ಕೂಡ ತೆರೆಯದೆ ಕೂತಿತು. ಅದನ್ನು ಎಳೆದು ತಂದದ್ದು ಯಾರು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಎಳೆದ ಹಗ್ಗವನ್ನು ಅತ್ತಿಗೆ ಶೆಡ್ಡಿನಲ್ಲಿ ಎಲ್ಲರಿಗೂ ಕಾಣುವ ಮೊಳೆಗೆ ನೇತುಹಾಕಿದ್ದಾರೆ.

ಹಾಗೆಂದು ಈ ಲಾರಿಯೇನೂ ಸಾಧು ಪ್ರಾಣಿಯಲ್ಲ. ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ಚೆಂಡಿನಂಥ ಗುಂಡು ಕೀಲುಗಳಿವೆ. ಅವುಗಳ ಆಯಿಲ್ ಸೀಲು ಎಷ್ಟು ಸಲ ಬದಲಿಸಿದರೂ ಸೋರುತ್ತದೆ. ಸ್ಟಿಯರಿಂಗಿನ ಬೇರಿಂಗ್ ಸವೆದರೆ ಮುಂದಿನ ಚಕ್ರಗಳು ಗಡಗಡ ನಡುಗಿ, ಚಾಲಕರ ಹಲ್ಲುಗಳು ಕೂಡ ಅದರ ತಾಳಕ್ಕೆ ಕಟಕಟಿಸುತ್ತವೆ. ಪಟ್ಟಿಯ ಸ್ಪ್ರಿಂಗಿನಲ್ಲಿ ವರ್ಷಕ್ಕೆ ಎರಡಾದರೂ ಪಟ್ಟಿ ಮುರಿಯುತ್ತದೆ. ವೈರುಗಳನ್ನು ಇಲಿ ಕಡಿಯುತ್ತದೆ. ಏರಿನಲ್ಲಿ ಎಂಜಿನ್ ಬಿಸಿಯಾಗಿ ಹಬೆ ಬಂದರೆ ಅರ್ಧ ಗಂಟೆ ಎಲ್ಲರೂ ಇಳಿದು ಮರದ ನೆರಳಿನಲ್ಲಿ ಹರಟೆ ಹೊಡೆಯಬೇಕು. ಆ ಜಾಗಕ್ಕೆ ಜನ ಕಟ್ಟೆಯನ್ನೇ ಕಟ್ಟಿಕೊಂಡಿದ್ದಾರೆ.

ಖರ್ಚಿನ ಮಾತು ತೆಗೆದರೆ ಅತ್ತಿಗೆ ಹಣದಲ್ಲಿ ಹೇಳುವುದೇ ಇಲ್ಲ. ಅವರ ಲೆಕ್ಕವೆಲ್ಲ ಟ್ರಿಪ್ಪಿನಲ್ಲಿ, ಅಂದರೆ ಒಮ್ಮೆ ಗುಡ್ಡ ಹತ್ತಿಳಿದರೆ ಡೀಸೆಲ್ ಕಳೆದು ಉಳಿಯುವ ಗಳಿಕೆಯಲ್ಲಿ. ಆಯಿಲ್ ಸೀಲು ಅರ್ಧ ಟ್ರಿಪ್. ರೇಡಿಯೇಟರ್ ಬೆಸುಗೆ ಎರಡು. ಕ್ಲಚ್ ಪ್ಲೇಟು ಒಂಬತ್ತು. ಎರಡು ಸ್ಪೇರ್ ಸೇರಿ ಆರು ಟೈರು ಎಂದರೆ ಎಪ್ಪತ್ತು ಟ್ರಿಪ್, ಅದನ್ನು ಹೇಳುವಾಗ ಮಾತ್ರ ಅವರ ಮುಖ ಸಣ್ಣದಾಗುತ್ತದೆ. ಇದು ಮಾವ ಕಲಿಸಿದ ಲೆಕ್ಕ. ಹಣದ ಬೆಲೆ ಏರುತ್ತದೆ ಇಳಿಯುತ್ತದೆ, ಗುಡ್ಡ ಮಾತ್ರ ಅಷ್ಟೇ ಎತ್ತರ ಇರುತ್ತದೆ ಎನ್ನುತ್ತಿದ್ದರಂತೆ ಅವರು.

"ವರ್ಷಕ್ಕೆ ಮುನ್ನೂರು ಟ್ರಿಪ್ ಹೊಡೀತೀನಿ. ಡೀಸೆಲ್ ಕಳೆದು ಉಳಿದಿದ್ದರಲ್ಲಿ ನೂರ ಎಂಬತ್ತು ಟ್ರಿಪ್ಪಿಂದು ಲಾರಿ ತಿನ್ನುತ್ತೆ, ನೂರ ಇಪ್ಪತ್ತು ನಾವು ತಿಂತೀವಿ. ಮನೇಲಿ ಜಾಸ್ತಿ ತಿನ್ನೋರಿಗೆ ಜಾಸ್ತಿ ಬಡಿಸಬೇಕಲ್ವಾ."

ಆ ಮಾವನಿಂದಲೇ ಈ ಕಥೆಯೆಲ್ಲ ಶುರುವಾದದ್ದು. ಸೈನ್ಯದವರು ಹರಾಜಿಗೆ ಹಾಕಿದ್ದ ಈ ಲಾರಿಯನ್ನು, ಜೊತೆಗೆ ಓಡದ ಇನ್ನೆರಡನ್ನು ತೂಕದ ಲೆಕ್ಕದಲ್ಲಿ ಕೊಂಡು ತಂದವರು ಅವರು. ಓಡದ ಆ ಎರಡು ಇಂದಿಗೂ ಶೆಡ್ಡಿನ ಹಿಂದೆ ಇಟ್ಟಿಗೆಯ ಮೇಲೆ ಕೂತಿವೆ. ಅವುಗಳಿಗೆ ಮನೆಯವರು ಇಟ್ಟ ಹೆಸರು ದಾನಿಗಳು. ಮೂವತ್ತೈದು ವರ್ಷಗಳಿಂದ ಬೋಲ್ಟು, ಗೇರು, ಹೌಸಿಂಗ್, ಕಿಟಕಿಯ ಗಾಜು ಎಲ್ಲವನ್ನೂ ದಾನ ಮಾಡುತ್ತ ಈಗ ಬಹುಪಾಲು ಅಸ್ಥಿಪಂಜರವಾಗಿವೆ. ದಾನಿಗಳಲ್ಲೂ ಸಿಗದ ಭಾಗಕ್ಕೆ ಪಕ್ಕದ ಬೀದಿಯ ಲೇತ್‌ನವರೇ ಗತಿ. ಅವರು ಅಳತೆ ಮಾಡಿ ಹೊಸದಾಗಿ ಕಡೆದು ಕೊಡುತ್ತಾರೆ. ಅವರ ಕೈಕೆಲಸಕ್ಕೆ ಎಣೆಯಿಲ್ಲ. ನಾಳೆ ಕೊಡುತ್ತೇನೆ ಎನ್ನುವ ಅವರ ನಾಳೆಗೂ ಎಣೆಯಿಲ್ಲ.

ಅತ್ತಿಗೆ ಇಪ್ಪತ್ತೆರಡನೇ ವಯಸ್ಸಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ಸ್ಪಾನರ್ ಮುಟ್ಟಿ ಗೊತ್ತಿರಲಿಲ್ಲ. ಮೈದುನ ಲಾರಿಯ ಅಡಿ ಮಲಗಿ "ಅತ್ತಿಗೆ, ಹತ್ತೊಂಬತ್ತು" ಎಂದು ಕೂಗುತ್ತಿದ್ದ. ಇವರು ಒಲೆಯ ಮುಂದಿನಿಂದ ಎದ್ದು ಬಂದು ಕೊಡುತ್ತಿದ್ದರು. ಗಿರಾಕಿಗಳಿಗೂ ಅದೇ ಕರೆ ಬಾಯಿಗೆ ಬಂತು. ಮೈದುನನಿಗೆ ಎಣ್ಣೆ ಜಿಡ್ಡು ಕಂಡರೆ ಆಗದು. ಅವನು ಟೈಲರಿಂಗ್ ಅಂಗಡಿ ಹಾಕಿಕೊಂಡು ಹೋದ, ಈಗಲೂ ಲಾರಿಯ ಟಾರ್ಪಾಲು ಹೊಲಿದುಕೊಡುತ್ತಾನೆ. ಆಗ ಮಾವ ಸೊಸೆಯನ್ನು ಕರೆದು, ನೀನು ಕೊಡುವ ಸ್ಪಾನರ್ ಯಾವತ್ತೂ ತಪ್ಪಿಲ್ಲ, ಇನ್ನು ಮೇಲೆ ನೀನೇ ತಿರುಗಿಸು ಎಂದರಂತೆ. ನೆಂಟರಿಷ್ಟರು ಮೂಗು ಮುರಿದರು. ಮಾವ ಯಾರಿಗೂ ಸೊಪ್ಪು ಹಾಕಲಿಲ್ಲ.

ಓಡಿಸುವ ಕೆಲಸ ಅತ್ತಿಗೆಯ ಯಜಮಾನರದ್ದಾಗಿತ್ತು. ಹದಿನೇಳು ವರ್ಷದ ಹಿಂದೆ ಅವರ ಸೊಂಟದ ಡಿಸ್ಕ್ ಜಾರಿ, ಗುಡ್ಡದ ಕುಲುಕಾಟ ಇನ್ನು ಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಂದಿನಿಂದ ಸ್ಟಿಯರಿಂಗ್ ಹೆಂಡತಿಯ ಕೈಗೆ, ಸೌಟು ಗಂಡನ ಕೈಗೆ. ಯಜಮಾನರು ಅಡುಗೆ ಚೆನ್ನಾಗಿ ಮಾಡುತ್ತಾರೆ, ಜಗಳ ಅದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಈ ಮೂರು ತಿಂಗಳಿಂದ ಇಬ್ಬರ ಜಗಳಕ್ಕೂ ವಿಷಯ ಒಂದೇ. ಊರ ಹೊರಗಿನ ದೊಡ್ಡ ಹೋಟೆಲಿನವರು ಲಾರಿಯನ್ನು ಕೊಳ್ಳಲು ಮುಂದೆ ಬಂದಿದ್ದಾರೆ. ಓಡಿಸಲು ಅಲ್ಲ. ಗೇಟಿನ ಪಕ್ಕ ನಿಲ್ಲಿಸಿ, ಬಣ್ಣ ಹೊಡೆದು, ಹಿಂದಿನ ತೊಟ್ಟಿಯಲ್ಲಿ ಹೂಕುಂಡ ಜೋಡಿಸಲು. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಕೊಡುವ ಬೆಲೆ ಒಂಬೈನೂರು ಟ್ರಿಪ್.

ಯಜಮಾನರು ದುರಾಸೆಯವರಲ್ಲ. ಹೆಂಡತಿಯ ಮೊಣಕೈ ಊದಿರುವುದನ್ನು ದಿನವೂ ನೋಡುವವರು. "ಫೇಲಾದ್ರೆ ಗುಜರಿಯೋರು ತೂಕಕ್ಕೆ ಕೊಡೋದೆಷ್ಟು? ಈಗ ಮಾರಿದ್ರೆ ಏಳು ವರ್ಷ ಕೂತು ತಿನ್ನಬಹುದು. ಇವಳು ಕೂತಿದ್ದನ್ನ ನಾನು ನೋಡೇ ಇಲ್ಲ ಸಾರ್" ಎಂದು ನನ್ನೆದುರು ಹೇಳಿಕೊಂಡರು. ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚು ಇನ್ನೇನೋ ಇತ್ತು. ಅತ್ತಿಗೆ ಮಾತ್ರ ತಟ್ಟೆಯಿಂದ ತಲೆಯೆತ್ತದೆ, ಕೂತು ತಿನ್ನೋಕೆ ಶುರು ಮಾಡಿದ್ರೆ ನಿಮ್ಮ ಅಡುಗೆ ಸಾಕಾಗಲ್ಲ ಎಂದುಬಿಟ್ಟರು.

ಮರುದಿನ ಹತ್ತು ಗಂಟೆ. ತಪಾಸಣಾ ಕಚೇರಿಯ ಅಂಗಳಕ್ಕೆ ಅಂಚಿನಿಂದ ಅಂಚಿಗೆ ಸಿಮೆಂಟು ಹಾಕಿದೆ. ನಮ್ಮ ಮುಂದೆ ನಾಲ್ಕು ಗಾಡಿ. ಅದರಲ್ಲೊಂದು ಹಳೆಯ ವ್ಯಾನು ಫೇಲಾಗಿ, ನಂಬರ್ ಪ್ಲೇಟು ಬಿಚ್ಚಿಸಿಕೊಂಡು ಅಂಗಳದ ಮೂಲೆ ಸೇರಿತು. ಅದರ ಮಾಲೀಕ ಅದರ ಬಾಗಿಲಿಗೆ ಒರಗಿ ನಿಂತೇ ಇದ್ದ. ಅತ್ತಿಗೆ ಆ ಕಡೆ ನೋಡಲಿಲ್ಲ.

ಇನ್‌ಸ್ಪೆಕ್ಟರ್ ಹೊಸಬರು, ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಒರಟರೂ ಅಲ್ಲ, ಲಂಚದವರೂ ಅಲ್ಲ. ನಿಯಮವನ್ನು ಅಕ್ಷರಶಃ ಪಾಲಿಸುವವರು. ಚಾಸಿಗೆ ಸುತ್ತಿಗೆ ಬಡಿದರು. ಎಲ್ಲ ಟಣ್. ಬ್ರೇಕು, ದೀಪ, ಹೊಗೆ, ಎಲ್ಲಕ್ಕೂ ಸರಿ ಎಂದು ಗುರುತು ಬಿತ್ತು. ಕೊನೆಗೆ ಚಕ್ರಗಳ ಲಾಕ್ ಗುಂಡಿ ತಿರುಗಿಸಿ, ತಾವೇ ಹತ್ತಿ ಕೆಂಪು ಲಿವರಿಗೆ ಕೈ ಹಾಕಿದರು. ಸಿಮೆಂಟಿನ ಮೇಲೆ ನಾಲ್ಕೂ ಚಕ್ರಕ್ಕೆ ಹಾಕಬೇಡಿ, ಹಾಕಲೇಬೇಕಾದರೆ ನೇರ ಓಡಿಸಿ, ತಿರುಗಿಸಬೇಡಿ ಎಂದು ಅತ್ತಿಗೆ ಕಿಟಕಿಯ ಹತ್ತಿರ ಬಂದು ಹೇಳಿದರು. ಪರೀಕ್ಷೆ ಹೇಗೆ ಮಾಡಬೇಕೆಂದು ನನಗೆ ಗೊತ್ತು ಎಂದು ಅವರು ಗಾಜು ಏರಿಸಿಕೊಂಡರು.

ಅಂಗಳದಲ್ಲಿ ಎಂಟರ ಆಕಾರದಲ್ಲಿ ಎರಡು ಸುತ್ತು. ಎರಡನೇ ಸುತ್ತಿನಲ್ಲಿ ಟೈರುಗಳು ಕಿರುಗುಟ್ಟಿದವು, ಲಾರಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಮುಗ್ಗರಿಸಿ ನಿಂತಿತು. ಒಳಗೆ ಇನ್‌ಸ್ಪೆಕ್ಟರು ಲಿವರ್ ಎಳೆಯುವುದು ಕಾಣುತ್ತಿತ್ತು. ಒಂದು ಕೈ, ಆಮೇಲೆ ಎರಡು ಕೈ, ಆಮೇಲೆ ಡ್ಯಾಶ್‌ಬೋರ್ಡಿಗೆ ಕಾಲು ಕೊಟ್ಟು. ಲಿವರ್ ಜಪ್ಪಯ್ಯ ಎನ್ನಲಿಲ್ಲ. ಕೆಳಗಿಳಿದು, ಬೆವರು ಒರೆಸಿಕೊಂಡು, ಜೇಬಿನಿಂದ ಪೆನ್ನು ತೆಗೆದರು. ಲಿವರ್ ಜಾಮ್, ಗೇರು ಪೆಟ್ಟಿಗೆ ಕೆಟ್ಟಿದೆ ಎಂದರು. ಬರೆಯುವವನು ಪಕ್ಷ ಹಿಡಿಯಬಾರದು ಎನ್ನುತ್ತಾರೆ. ನಾನು ಆ ಹೊತ್ತಿಗೆ ಪೂರ್ತಿ ಲಾರಿಯ ಪಕ್ಷ.

ಅತ್ತಿಗೆ ಅಳಲಿಲ್ಲ, ಕೈ ಮುಗಿಯಲಿಲ್ಲ. ಹೋಗಿ ಅವರಿಗೂ ಕಾಗದದ ಹಲಗೆಗೂ ನಡುವೆ ತಮ್ಮ ಎಣ್ಣೆಗೈ ಚಾಚಿದರು.

"ಕೆಟ್ಟಿಲ್ಲ ಸಾರ್. ಸಿಕ್ಕಿಹಾಕಿಸಿದ್ದು ನೀವು. ಬಿಡಿಸಿ ತೋರಿಸ್ತೀನಿ, ಆಮೇಲೆ ಏನು ಬೇಕಾದ್ರೂ ಬರೀರಿ."

ಪರೀಕ್ಷೆಯ ನಡುವೆ ಮಾಲೀಕರು ಗಾಡಿ ಮುಟ್ಟುವಂತಿಲ್ಲ ಎಂದು ಇನ್‌ಸ್ಪೆಕ್ಟರು ನಿಯಮ ಹೇಳಿದರು. "ಹಾಗಾದ್ರೆ ನೀವೇ ಹತ್ತಿ. ನಾನು ಮುಟ್ಟಲ್ಲ. ನೆಲದ ಮೇಲೆ ನಿಂತು ಹೇಳ್ತೀನಿ" ಎಂದರು ಅತ್ತಿಗೆ.

ಅಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು. ಜನರ ಮುಂದೆ ಇಲ್ಲವೆನ್ನಲು ಇನ್‌ಸ್ಪೆಕ್ಟರಿಗೂ ಕಷ್ಟವಾಗಿರಬೇಕು. ಹತ್ತಿದರು. ರಿವರ್ಸ್ ಹಾಕಿಸಿ, ಬಂದ ಗುರುತಿನ ಮೇಲೆಯೇ ಹಿಂದಕ್ಕೆ ಬರಲು ಅತ್ತಿಗೆ ಹೇಳಿದರು. ಸಿಮೆಂಟಿನ ಮೇಲೆ ಟೈರಿನ ಕಪ್ಪು ಗೆರೆ ಎದ್ದು ಕಾಣುತ್ತಿತ್ತು. ಎಡಕ್ಕೆ, ಇನ್ನೂ ಎಡಕ್ಕೆ, ನಿಧಾನ ಎನ್ನುತ್ತ ಇವರು ಹಿಂದೆ ಹಿಂದೆ ನಡೆದರು. ಹತ್ತು ಮೀಟರ್ ಆಯಿತು. ಏನೂ ಆಗಲಿಲ್ಲ. ಯಾರೋ ನಕ್ಕರು. ಹದಿನೈದು ಮೀಟರ್. ಲಾರಿಯ ಹೊಟ್ಟೆಯೊಳಗಿಂದ ಧಡಕ್ ಎಂದು ಒಂದು ಸದ್ದು ಬಂತು.

"ಈಗ ಎರಡೇ ಬೆರಳಲ್ಲಿ ತೆಗೀರಿ" ಎಂದರು ಅತ್ತಿಗೆ. ಇನ್‌ಸ್ಪೆಕ್ಟರು ಎರಡು ಬೆರಳಿಟ್ಟರು. ಲಿವರ್ ಜಾರಿ ತನ್ನ ಜಾಗಕ್ಕೆ ಬಂತು.

ಆಮೇಲೆ ಅತ್ತಿಗೆ ಅವರಿಗೆ ವಿವರಿಸಿದರು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳುತ್ತದೆ, ಹಿಂದಿನದು ಕಡಿಮೆ. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ. ಸಿಮೆಂಟು ಜಾರಗೊಡುವುದಿಲ್ಲ. ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿಯಿಂದ ಹಿಂಡಿದಂತೆ ನಡುವಿನ ಗೇರು ಪೆಟ್ಟಿಗೆ ಹುರಿಗೊಳ್ಳುತ್ತದೆ. ತಿರುಚಿದ ಕಡೆಯಿಂದಲೇ ಬಿಚ್ಚಬೇಕು, ಬೇರೆ ಉಪಾಯವಿಲ್ಲ. ಇದು ನಾವು ಓದಿದ ಪುಸ್ತಕದಲ್ಲಿ ಇರಲಿಲ್ಲ ಎಂದರು ಇನ್‌ಸ್ಪೆಕ್ಟರು, ಮೆಲ್ಲಗೆ. ಲಾರಿಯ ಜೊತೆ ಬಂದ ಪುಸ್ತಕದ ನಲವತ್ತೊಂದನೇ ಪುಟದಲ್ಲಿದೆ, ಹಳೇ ಪುಸ್ತಕ ಯಾರೂ ತೆಗೆಯಲ್ಲ ಅಷ್ಟೆ ಎಂದರು ಇವರು. ಆ ಯುವಕ ಪುಟದ ಸಂಖ್ಯೆಯನ್ನು ಬರೆದುಕೊಂಡು ಸಹಿ ಹಾಕಿದರು. ಎರಡು ವರ್ಷ.

ವಾಪಸು ಬರುವಾಗ ಮುಂದಿನ ಸೀಟು ಖಾಲಿಯಿತ್ತು, ನನಗೆ ಸಿಕ್ಕಿತು. ಊರಿಗೆ ಇನ್ನೂ ಎರಡು ಕಿಲೋಮೀಟರ್ ಇರುವಾಗ ಅತ್ತಿಗೆ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದರು. ಎಂಜಿನ್ ಆರಿಸಿ, ಕೆಂಪು ಲಿವರನ್ನು ಬಟ್ಟೆಯಿಂದ ಒರೆಸತೊಡಗಿದರು. ಗೆದ್ದ ಮೇಲೆ ಇದೇನು ಎಂದು ಕೇಳಿದೆ. ಒರೆಸುತ್ತಲೇ ಹೇಳಿದರು.

"ಆ ಹುಡುಗನ್ನ ಏನಂತ ಬೈಲಿ. ನಾನೂ ಅದೇ ಮಾಡಿದ್ದೆ."

ಹದಿನಾರು ವರ್ಷದ ಹಿಂದಿನ ಮಾತು. ಓಡಿಸಲು ಕಲಿತ ಮೊದಲ ವರ್ಷ. ಗುಡ್ಡ ಇಳಿದು ಡಾಂಬರಿಗೆ ಬಂದ ಮೇಲೂ ಕೆಂಪು ಲಿವರ್ ತೆಗೆಯಲು ಮರೆತರು. ಊರು ದಾಟಿ ಎಂಟು ಕಿಲೋಮೀಟರ್ ಹಾಗೇ ಓಡಿಸಿದರು. ಲಿವರ್ ಸಿಕ್ಕಿಹಾಕಿಕೊಂಡಾಗ ಹಿಂದಕ್ಕೆ ಹೋಗಬೇಕೆಂದು ತಿಳಿಯಲಿಲ್ಲ. ಗಾಬರಿಯಲ್ಲಿ ಕಬ್ಬಿಣದ ಪೈಪು ಸಿಕ್ಕಿಸಿ ಒತ್ತಿ ಎಳೆದರು. ಒಳಗಿನ ಶಾಫ್ಟು ಮುರಿಯಿತು. ಮಾವ ಆಗಲೇ ತೀರಿಕೊಂಡಿದ್ದರು, ಯಜಮಾನರು ಮನೆಯಲ್ಲಿ ಹಾಸಿಗೆ ಹಿಡಿದಿದ್ದರು, ಆ ರಸ್ತೆಯಲ್ಲಿ ಕೇಳಲು ಯಾರೂ ಇರಲಿಲ್ಲ. ನಲವತ್ತು ಟ್ರಿಪ್ಪಿನ ಖರ್ಚು, ಹತ್ತೊಂಬತ್ತು ದಿನ ಲಾರಿ ಶೆಡ್ಡಿನಲ್ಲಿ. ಹನ್ನೆರಡನೇ ದಿನ, ಗುಡ್ಡದ ಮೇಲೆ, ಹಾಲಿನಣ್ಣ ಬಂಡೆಯಿಂದ ಬಿದ್ದರು. ತೊಡೆಯ ಮೂಳೆ ಮುರಿದಿತ್ತು. ಎಂಟು ಜನ ಬಾಗಿಲೊಂದನ್ನು ಕಿತ್ತು, ಅದರ ಮೇಲೆ ಮಲಗಿಸಿ, ಹದಿಮೂರು ಕಿಲೋಮೀಟರ್ ಹೊತ್ತು ತಂದರು. ಒಂದು ಹಗಲು ಪೂರ್ತಿ ಹಿಡಿಯಿತು. ಕಾಲು ಉಳಿಯಿತು, ನೆಟ್ಟಗಾಗಲಿಲ್ಲ.

"ಅವರು ಒಂದು ದಿನಾನೂ ಒಂದು ಮಾತು ಅಂದಿಲ್ಲ. ಅಂದಿದ್ರೆ ನಾನು ಯಾವಾಗಲೋ ಲಾರಿ ಮಾರಿಬಿಡ್ತಿದ್ದೆನೇನೋ. ಪುಸ್ತಕ ಆಮೇಲೆ ಓದಿದೆ. ಎಲ್ಲಾ ಪುಟ."

ಲಾರಿ ಒಂದು ದಿನ ನಿಂತರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತು. ಉಳಿದ ನಮಗೆಲ್ಲ ಅದು ಹಳೆಯ ಗಾಡಿಯ ಮೇಲಿನ ಮೋಹ, ಹೆಂಗಸಿನ ಹಠ, ವಾರಾಂತ್ಯದ ಪುರವಣಿಗೆ ಒಂದು ಬರಹ. ಈ ಸಾಲು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಮೂರನೇ ದಿನ ಮತ್ತೆ ಆರೂವರೆ. ನಾನು ಬೀಳ್ಕೊಳ್ಳಲು ಬಂದಿದ್ದೇನೆ. ತಪಾಸಣೆಯಿಂದಾಗಿ ಒಂದು ದಿನದ ಟ್ರಿಪ್ ತಪ್ಪಿದ್ದರಿಂದ ಲೋಡು ಎರಡರಷ್ಟಿದೆ. ಸಿಲಿಂಡರುಗಳ ಮೇಲೆ ಮೂಟೆ, ಮೂಟೆಗಳ ಮೇಲೆ ಜನ. ಹಾಲಿನಣ್ಣ ಮುಂದಿನ ಬಾಗಿಲ ಬಳಿ ನಿಂತು, ಪಾಸಾಯಿತೇ ಎಂದು ಕೇಳುತ್ತಾರೆ. ಎರಡು ವರ್ಷ ಎನ್ನುತ್ತಾರೆ ಅತ್ತಿಗೆ. ಅವರು ಕುಂಟುಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, "ಆಮೇಲಿನ ಎರಡು ವರ್ಷಕ್ಕೂ ಈಗಲೇ ರೆಡಿ ಮಾಡ್ಕೊಳ್ಳಿ ಅತ್ತಿಗೆ" ಎನ್ನುತ್ತಾರೆ.

ಅಷ್ಟರಲ್ಲಿ ಯಜಮಾನರು ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ಹೊರಬರುತ್ತಾರೆ. ಹೋಟೆಲಿನವರು. ಬೆಲೆ ಇನ್ನೂ ನೂರು ಟ್ರಿಪ್ ಏರಿಸಿದ್ದಾರೆ. ಅತ್ತಿಗೆ ಎಂಜಿನ್ ಚಾಲೂ ಮಾಡುತ್ತಾರೆ. ಸದ್ದಿನ ನಡುವೆ ಗಂಡನ ಮುಖ ನೋಡುತ್ತಾರೆ. ಯಜಮಾನರು ಲಾರಿಯ ತೊಟ್ಟಿಯನ್ನು ಒಮ್ಮೆ ದಿಟ್ಟಿಸುತ್ತಾರೆ, ಮುಂದಿನ ಸೀಟನ್ನು ಒಮ್ಮೆ. ಆಮೇಲೆ ಫೋನನ್ನು ಕಿವಿಗೆ ಒತ್ತಿ, ಎಂಜಿನ್ನಿಗೂ ಮೀರಿದ ದನಿಯಲ್ಲಿ ಉತ್ತರ ಕೊಡುತ್ತಾರೆ.

"ಇಲ್ಲ ಸಾರ್, ಆಗಲ್ಲ. ಗಾಡಿ ಪೂರ್ತಿ ತುಂಬಿದೆ. ಹೂಕುಂಡಕ್ಕೆ ಜಾಗ ಇಲ್ಲ."